ಪಾದೂರಿನ ಗುಹೆಗೆ ಹೈಡ್ರೋಜನ್ ತುಂಬಬಹುದೇ?

ಪ್ರಶ್ನೆ: ನಮ್ಮೂರಿಗೆ ಹತ್ತಿರದ ಪಾದೂರಿನಲ್ಲಿ ಬಂಡೆ ಕೊರೆದು ಕಚ್ಚಾ ತೈಲ ತುಂಬಿಟ್ಟಿದ್ದಾರೆ. ಮುಂದೆ ಹಸಿರು ಹೈಡ್ರೋಜನ್ ಕಾಲ ಬಂದರೆ ಅದನ್ನೂ ಅಲ್ಲೇ ಇಡಬಹುದಲ್ಲವೇ?
– ಓದುಗರು, ಕಾಪು

ಉತ್ತರ: ಆಗದು. ಪಾದೂರಿನ ಗುಹೆಗಳು 25 ಲಕ್ಷ ಟನ್ ಕಚ್ಚಾ ತೈಲ ಹಿಡಿಯುತ್ತವೆ. ಅಷ್ಟೇ ಜಾಗಕ್ಕೆ ಮಾಮೂಲಿ ಒತ್ತಡದಲ್ಲಿ ಹೈಡ್ರೋಜನ್ ತುಂಬಿದರೆ ಹಿಡಿಯುವುದು 250 ಟನ್ ಆಸುಪಾಸು! ತೂಕದ ಲೆಕ್ಕದಲ್ಲಿ ಹೈಡ್ರೋಜನ್‌ಗೆ ಸಾಟಿಯಿಲ್ಲ, ಕಿಲೋಗೆ 33 ಯೂನಿಟ್ ಶಕ್ತಿ. ಆದರೆ ಒಂದು ಘನ ಮೀಟರ್ ಅನಿಲ ನೂರು ಗ್ರಾಂ ಕೂಡ ತೂಗುವುದಿಲ್ಲ. ಹಾಗಾಗಿ ಹತ್ತಾರು ಪಟ್ಟು, ಸಾಧ್ಯವಾದರೆ ನೂರು ಪಟ್ಟು, ಒತ್ತಿ ತುಂಬಬೇಕು.

ತೊಡಕು ಇರುವುದೇ ಅಲ್ಲಿ. ಪಾದೂರಿನ ಗುಹೆಯ ಒಳಮೈಗೆ ಉಕ್ಕಿನ ಹೊದಿಕೆ ಇಲ್ಲ. ಎಣ್ಣೆಯನ್ನು ಹಿಡಿದಿಟ್ಟಿರುವುದು ಅಂತರ್ಜಲ. ಗುಹೆಯ ಮೇಲ್ಭಾಗದ ಬಂಡೆಯಲ್ಲಿ ಸಾಲಾಗಿ ರಂಧ್ರ ಕೊರೆದು, ಬಿರುಕುಗಳಲ್ಲಿ ಸದಾ ನೀರಿರುವಂತೆ ನೋಡಿಕೊಳ್ಳುತ್ತಾರೆ. ಆ ನೀರಿನ ಒತ್ತಡ ಗುಹೆಯೊಳಗಿನದಕ್ಕಿಂತ ಹೆಚ್ಚು. ಆದ್ದರಿಂದ ನೀರು ಒಳಕ್ಕೆ ಜಿನುಗುತ್ತದೆಯೇ ಹೊರತು ಎಣ್ಣೆ ಹೊರಗೆ ಹೋಗದು. ಜಿನುಗಿದ ನೀರನ್ನು ತಳದಿಂದ ಪಂಪ್ ಮಾಡಿ ತೆಗೆದರಾಯಿತು. ಜಾಣ ಉಪಾಯವೇ. ಆದರೆ ಒಂದು ವಾಯುಮಂಡಲದ ಒತ್ತಡಕ್ಕೆ ಸುಮಾರು 10 ಮೀಟರ್ ನೀರಿನ ಎತ್ತರ ಬೇಕು. ನೂರು ಪಟ್ಟು ಒತ್ತಿದ ಹೈಡ್ರೋಜನ್ ಅನ್ನು ಹೀಗೆ ತಡೆಯಲು ಗುಹೆ ಒಂದು ಕಿಲೋಮೀಟರ್ ಆಳಕ್ಕೆ ಇಳಿಯಬೇಕಾದೀತು.

ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು ಉಪ್ಪಿನ ಬಂಡೆ. ನೆಲದಾಳದ ಭಾರಕ್ಕೆ ಉಪ್ಪು ಮೆಲ್ಲಗೆ ಸರಿದು ತನ್ನ ಬಿರುಕನ್ನು ತಾನೇ ಮುಚ್ಚಿಕೊಳ್ಳುತ್ತದೆ, ಹೈಡ್ರೋಜನ್ ಜೊತೆ ವರ್ತಿಸುವುದೂ ಇಲ್ಲ. ಗುಹೆ ಮಾಡಲು ಸಿಡಿಮದ್ದು ಬೇಡ: ಕೊಳವೆಬಾವಿ ಕೊರೆದು ಸಿಹಿನೀರು ಬಿಟ್ಟು, ಉಪ್ಪು ಕರಗಿಸಿ ಮೇಲೆಳೆದರೆ ಸಾಕು. ಇಂಗ್ಲೆಂಡಿನ ಟೀಸ್‌ಸೈಡ್‌ನಲ್ಲಿ ತಲಾ 70,000 ಘನ ಮೀಟರಿನ ಇಂಥ ಮೂರು ಗುಹೆಗಳು 1972ರಿಂದಲೇ ರಾಸಾಯನಿಕ ಕಾರ್ಖಾನೆಗಳಿಗಾಗಿ ಹೈಡ್ರೋಜನ್ ಇಟ್ಟುಕೊಂಡಿವೆ. ನಮ್ಮ ದೇಶದಲ್ಲಿ ನೆಲದಡಿ ದೊಡ್ಡ ಉಪ್ಪಿನ ಪದರ ಇರುವುದು ರಾಜಸ್ಥಾನದ ಬಿಕಾನೇರ್–ನಾಗೌರ್ ಭಾಗದಲ್ಲಿ. ಒಂದು ಘನ ಮೀಟರ್ ಉಪ್ಪು ಕರಗಿಸಲು ಏಳೆಂಟು ಘನ ಮೀಟರ್ ನೀರು ಬೇಕು. ಮರುಭೂಮಿಯಲ್ಲಿ ಅದನ್ನು ಎಲ್ಲಿಂದ ತರುವುದೆಂದು ಮೊದಲು ಕೇಳಬೇಕು.

ಕರಾವಳಿಯ ಗಟ್ಟಿ ಕಲ್ಲಿಗೆ ಉಳಿಯುವ ದಾರಿ ಸ್ವೀಡನ್ನಿನದು. ಲುಲಿಯೊದಲ್ಲಿ 2022ರಲ್ಲಿ ಬಂಡೆಯ ಗುಹೆಗೆ ಉಕ್ಕಿನ ಒಳಹೊದಿಕೆ ಹಾಕಿ 250 ಪಟ್ಟು ಒತ್ತಡದಲ್ಲಿ ಹೈಡ್ರೋಜನ್ ತುಂಬುವ ಪ್ರಯೋಗ ಶುರುವಾಯಿತು. ಗಾತ್ರ ಬರೀ 100 ಘನ ಮೀಟರ್. ಖರ್ಚೂ ಕಡಿಮೆಯದಲ್ಲ.

ಪ್ರಶ್ನೆ: ನಮ್ಮ ಸೋಲಾರ್ ಪಾರ್ಕಿನ ಕರೆಂಟನ್ನು ಬ್ಯಾಟರಿಯಲ್ಲಿ ಇಡುವುದು ಬಿಟ್ಟು ಹೈಡ್ರೋಜನ್ ಮಾಡುವ ಸುತ್ತುಬಳಸು ಏಕೆ?
– ಓದುಗರು, ಪಾವಗಡ

ಉತ್ತರ: ಸಂಜೆಯಿಂದ ಬೆಳಗಿನವರೆಗಿನ ಮಾತಾದರೆ ಬ್ಯಾಟರಿಯೇ ಸರಿ. 100 ಯೂನಿಟ್ ಕರೆಂಟಿನಿಂದ ಹೈಡ್ರೋಜನ್ ಮಾಡಿ, ಒತ್ತಿಟ್ಟು, ಮತ್ತೆ ಕರೆಂಟು ಮಾಡಿದರೆ ಕೈಗೆ ಸಿಗುವುದು 30–40 ಯೂನಿಟ್ ಮಾತ್ರ. ಆದರೆ ವಾರಗಟ್ಟಲೆ, ತಿಂಗಳುಗಟ್ಟಲೆ ಇಡುವುದಕ್ಕೆ ಬ್ಯಾಟರಿ ಕೊಂಡು ಪೂರೈಸುವುದಿಲ್ಲ. ಅಮೆರಿಕದ ಯೂಟಾದಲ್ಲಿ ಉಪ್ಪು ಕರಗಿಸಿ ಮಾಡಿದ ಎರಡೇ ಗುಹೆಗಳಿಗೆ 30 ಕೋಟಿ ಯೂನಿಟ್ ಶಕ್ತಿ ಹಿಡಿಸುವ ಲೆಕ್ಕವಿದೆ. ನಿಮ್ಮ 2,050 ಮೆಗಾವಾಟ್ ಪಾರ್ಕು ದಿನಕ್ಕೆ ಒಂದು ಕೋಟಿ ಯೂನಿಟ್ ಕೊಡುತ್ತದೆಂದು ಹಿಡಿದರೂ ಅದು ತಿಂಗಳಿಡೀ ದುಡಿದಷ್ಟು.

ಜರ್ಮನಿಯಂಥ ಕಡೆ ಚಳಿಗಾಲದಲ್ಲಿ ಬಿಸಿಲೂ ಗಾಳಿಯೂ ಒಟ್ಟಿಗೇ ಕೈಕೊಡುವ ದಿನಗಳುಂಟು. ಅವರಿಗೆ ಇದು ಬೇಕು. ನಮ್ಮಲ್ಲಿ ಬಿಸಿಲು ಕುಂದುವ ಆಷಾಢದಲ್ಲೇ ಗದಗ, ಚಿತ್ರದುರ್ಗದ ಗಾಳಿಯಂತ್ರಗಳು ಜೋರಾಗಿ ತಿರುಗುತ್ತವೆ, ಆಮೇಲೆ ಲಿಂಗನಮಕ್ಕಿ ತುಂಬುತ್ತದೆ. ಕರೆಂಟಿಗೋಸ್ಕರ ಹೈಡ್ರೋಜನ್ ಕೂಡಿಡುವ ತುರ್ತು ಕರ್ನಾಟಕಕ್ಕೆ ಸದ್ಯ ನನಗಂತೂ ಕಾಣುತ್ತಿಲ್ಲ. ಗೊಬ್ಬರ, ಉಕ್ಕು, ತೈಲ ಶುದ್ಧೀಕರಣದ ಕಾರ್ಖಾನೆಗಳ ಮಾತು ಬೇರೆ, ಅವಕ್ಕೆ ಬೇಕಾದದ್ದು ಹೈಡ್ರೋಜನ್ನೇ.

ಪ್ರಶ್ನೆ: ನೆಲದಡಿ ಇಟ್ಟದ್ದು ಸಿಡಿದರೆ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಗುಹೆಯೊಳಗೆ ಸಿಡಿಯಲು ಆಮ್ಲಜನಕವೇ ಇಲ್ಲ. ಅಪಾಯ ಇರುವುದು ನೆಲದ ಮೇಲೆ, ಬಾವಿಯ ಬಾಯಿ, ಕವಾಟ, ಪೈಪುಗಳಲ್ಲಿ. ಸೋರಿದ ಹೈಡ್ರೋಜನ್ ಗಾಳಿಯಲ್ಲಿ ಶೇ. 4ರಷ್ಟು ಬೆರೆತರೂ ಹೊತ್ತಿಕೊಳ್ಳುತ್ತದೆ.

ಒಳಗಿನ ತಂಟೆ ಸೂಕ್ಷ್ಮಜೀವಿಗಳದು. ಹಿಂದೆ ಜೆಕೊಸ್ಲೊವಾಕಿಯಾದ ಲೊಬೊಡಿತ್ಸೆಯಲ್ಲಿ ಅರ್ಧದಷ್ಟು ಹೈಡ್ರೋಜನ್ ಇದ್ದ ಕಲ್ಲಿದ್ದಲು ಅನಿಲವನ್ನು ನೀರುಳ್ಳ ಮರಳುಗಲ್ಲಿನಲ್ಲಿ ಇಟ್ಟಿದ್ದರು. ತಿಂಗಳುಗಳು ಕಳೆದು ತೆಗೆದು ನೋಡಿದರೆ ಹೈಡ್ರೋಜನ್ ಇಳಿದಿತ್ತು, ಮೀಥೇನ್ ಏರಿತ್ತು. ಅಲ್ಲಿನ ಸೂಕ್ಷ್ಮಜೀವಿಗಳು ಹೈಡ್ರೋಜನ್ ಅನ್ನೂ ಇಂಗಾಲದ ಡೈಆಕ್ಸೈಡನ್ನೂ ತಿಂದು ಮೀಥೇನ್ ಬಿಟ್ಟಿದ್ದವು. ಆಸ್ಟ್ರಿಯಾದವರು ಇದನ್ನೇ ಬೇಕೆಂದು ಮಾಡಿ ನೋಡುತ್ತಿದ್ದಾರೆ.