ಬತ್ತಲೆ ಹೆಸರು

ಮೊದಲೇ ಹೇಳಿಬಿಡುತ್ತೇನೆ, ಟಿಕೋಟಾದಲ್ಲಿ ಹೊಸ ಹುಳ ಸಿಕ್ಕಿಲ್ಲ. ಪತ್ರಿಕೆಯಲ್ಲಿ ಬಂದದ್ದು ಸುಳ್ಳು. ಬಸ್‌ಸ್ಟ್ಯಾಂಡ್ ಎದುರು ಹತ್ತು ದಿನ ತೂಗಿದ ಫ್ಲೆಕ್ಸೂ ಸುಳ್ಳು. ಎರಡಕ್ಕೂ ಮೂಲ ನಾನೇ. ಈಗಲೂ ಸಂತೆಯಲ್ಲಿ ಯಾರಾದರೂ ‘ಸರ್, ನಿಮ್ಮ ಹುಳದ ಸುದ್ದಿ ಎಲ್ಲಿಗೆ ಬಂತ್ರಿ?’ ಅಂದರೆ ಬದನೆಕಾಯಿ ಆರಿಸುವ ನೆವದಲ್ಲಿ ತಲೆ ಬಗ್ಗಿಸುತ್ತೇನೆ.

ವಿಜಯಪುರದ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. ಕಪ್ಪೆ, ಜಿರಲೆ ಕೊಯ್ದು ತೋರಿಸಿದ ಕೈ ಇದು. ಅಂಥ ಕೈ ಒಂದು ಹುಳದ ಹೊಟ್ಟೆ ಬಿಚ್ಚಲು ಮೂರು ವರ್ಷ ಹಿಂಜರಿಯಿತು. ಇಡೀ ಕತೆ ಇಷ್ಟೇ. ಆದರೂ ವಿವರವಾಗಿ ಹೇಳಿಕೊಳ್ಳದಿದ್ದರೆ ನನಗೆ ಸಮಾಧಾನವಿಲ್ಲ.

2019ರ ಮೇ ಮೊದಲ ವಾರ. ಟಿಕೋಟಾದ ತೋಟದಲ್ಲಿ ಅಣ್ಣನ ಕೊನೆಯ ಲಾಟಿನ ದ್ರಾಕ್ಷಿ ಶೆಡ್ಡಿನ ಬಲೆಗಳ ಮೇಲೆ ಒಣಗುತ್ತಿತ್ತು. ಸಂಜೆ ಗಾಳಿ ಎದ್ದು, ಗುಡುಗಿ, ಅಡ್ಡಮಳೆ ಹೊಡೆಯಿತು. ಒಣದ್ರಾಕ್ಷಿಗೆ ಆ ಹೊತ್ತಿನಲ್ಲಿ ಹನಿ ತಾಗಿದರೆ ಬಣ್ಣ ಹೋಗುತ್ತದೆ, ಬಣ್ಣ ಹೋದರೆ ರೇಟು ಹೋಗುತ್ತದೆ. ಅಣ್ಣ, ಅವನ ಇಬ್ಬರು ಮಕ್ಕಳು, ಆಳುಗಳು ಎಲ್ಲರೂ ತಾಡಪತ್ರಿ ಎಳೆಯುತ್ತಿದ್ದರು. ನಾನು ಟ್ಯೂಬ್‌ಲೈಟಿನ ಕೆಳಗೆ ನಿಂತಿದ್ದೆ. ಟಪ್ ಎಂದು ಬಂದು ತಗಡಿಗೆ ಬಡಿದು, ನೆಲಕ್ಕೆ ಬಿದ್ದು, ಬೆನ್ನ ಮೇಲೆ ಗಿರಗಿರ ತಿರುಗುತ್ತಿತ್ತು ಅದು. ಹುಣಸೆ ಬೀಜದ ಬಣ್ಣ, ಹುಣಸೆ ಬೀಜದ್ದೇ ಹೊಳಪು, ಗಾತ್ರ ಅದಕ್ಕಿಂತ ತುಸು ದೊಡ್ಡದು. ಹೊಟ್ಟೆಯ ಕಡೆ ಒತ್ತಾದ ಕಂದು ಕೂದಲು. ಹಿಡಿದರೆ ಕಿರ್ ಕಿರ್ ಎಂದು ಸಣ್ಣಗೆ ಒರಲಿತು.

‘ತಮ್ಮಾ, ತಾಡಪತ್ರಿ ಹಿಡೀ ಅಂದ್ರ ಹೆಂಡಿ ಹುಳ ಹಿಡಕೊಂಡು ಕುಂತೀಯಲ್ಲೋ!’ ಎಂದು ಅಣ್ಣ ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಆ ಲಾಟು ಅರ್ಧ ಕಪ್ಪಾಯಿತು. ಆ ಮಾತು ಮನೆಯಲ್ಲಿ ಮುಗಿಯಿತೆಂದು ಹೇಗೆ ಹೇಳಲಿ, ಪ್ರತಿ ದೀಪಾವಳಿಗೂ ಏಳುತ್ತದೆ.

ಅಣ್ಣ ಅಂದಂತೆ ಅದು ಹೆಂಡಿ ಹುಳವಲ್ಲ ಎಂದು ನನಗೆ ಆಗಲೇ ಗೊತ್ತಾಗಿತ್ತು. ಹೆಂಡಿ ಹುಳದ ದವಡೆ ತಲೆಯ ತಗಡಿನ ಕೆಳಗೆ ಅಡಗಿರುತ್ತದೆ, ಮೇಲಿಂದ ನೋಡಿದರೆ ಕಾಣುವುದಿಲ್ಲ. ಇದರ ದವಡೆ ಮುಂದಕ್ಕೆ ಚಾಚಿಕೊಂಡು ಕಾಣುತ್ತಿತ್ತು. ಮೀಸೆಯಲ್ಲಿ ಹನ್ನೊಂದು ಗೆಣ್ಣು, ತುದಿಯ ಮೂರು ಸೇರಿ ದುಂಡಗಿನ ಗಡ್ಡೆಯಾಗಿತ್ತು. ಮಣ್ಣು ಕೊರೆಯುವ ಹುಳಗಳ ಗುರುತು ಇದು. ಬೊಲ್ಬೊಸೆರಾಸ್ ಎಂದು 1819ರಲ್ಲಿ ಇಂಗ್ಲೆಂಡಿನ ಪಾದ್ರಿ ವಿಲಿಯಂ ಕರ್ಬಿ ಒಂದು ಕುಲಕ್ಕೆ ಹೆಸರಿಟ್ಟದ್ದೂ ಈ ಗಡ್ಡೆಯನ್ನು ನೋಡಿಯೇ, ಗಡ್ಡೆಗೊಂಬಿನದು ಎಂದರ್ಥ. ವರ್ಷದ ಬಹುಪಾಲು ಈ ಹುಳಗಳು ನೆಲದೊಳಗೆ ನೆಟ್ಟಗೆ ಕೊರೆದ ಬಿಲದಲ್ಲಿದ್ದು, ಮೊದಲ ಮಳೆ ಬಿದ್ದ ರಾತ್ರಿ ದೀಪಕ್ಕೆ ಬರುತ್ತವೆ. ಬೆಳಗಾದರೆ ಇಲ್ಲ.

ಇಲ್ಲಿಯವರೆಗೆ ನಾನು ಸರಿಯಾಗಿದ್ದೆ. ಮುಂದೆ ಕೆಟ್ಟೆ.

ಬ್ರಿಟಿಷ್ ಇಂಡಿಯಾದ ಪ್ರಾಣಿ ಸಂಪುಟಗಳಲ್ಲಿ ಗಿಲ್ಬರ್ಟ್ ಆರೋ ಬರೆದ ಮೂರು ಸಂಪುಟ ಈ ಬಗೆಯ ದುಂಬಿಗಳದ್ದು. ಮೂರನೆಯದು 1931ರದ್ದು. ಅವುಗಳ ಪ್ರತಿ ಸಂಪಾದಿಸಿ ಎಂಟು ತಿಂಗಳು ಕೂತೆ. ಒಂದೊಂದೇ ಪುಟ, ಒಂದೊಂದೇ ಚಿತ್ರ. ನನ್ನ ಹುಳ ಎಲ್ಲೂ ಇಲ್ಲ! ಪುಸ್ತಕದಲ್ಲಿ ಇಲ್ಲವೆಂದರೆ ಲೋಕಕ್ಕೇ ಹೊಸದು ಎಂದು ತೀರ್ಮಾನಿಸಿದೆ. ಆದರೆ ಆರೋ ಆ ಸಂಪುಟಗಳಲ್ಲಿ ಮಣ್ಣು ಕೊರೆಯುವ ಹುಳಗಳ ಮನೆತನಕ್ಕೆ ಕೈಯನ್ನೇ ಹಾಕಿಲ್ಲ. ಕುಂಬಾರ ಓಣಿಯಲ್ಲಿ ಬಡಿಗೇರನ ಮನೆ ಹುಡುಕಿ, ಸಿಗಲಿಲ್ಲವೆಂದು ಊರಲ್ಲಿ ಬಡಿಗೇರರೇ ಇಲ್ಲ ಎಂದ ಹಾಗಾಯಿತು.

ಆಸೆಗೆ ತುಪ್ಪ ಸುರಿಯುವ ಸಂಗತಿಗಳೂ ಇದ್ದವು. ಏಷ್ಯಾದ ಈ ಹುಳಗಳ ಲೆಕ್ಕ ಇನ್ನೂ ಮುಗಿದಿಲ್ಲ. ಬೊಲ್ಬೊಸೆರಾಸ್ ಎಂದು ಒಂದೇ ಮೂಟೆಯಲ್ಲಿ ಕಟ್ಟಿಟ್ಟಿದ್ದ ಕೆಲವನ್ನು 1980ರಲ್ಲಿ ಡಚ್ ತಜ್ಞ ಯಾನ್ ಕ್ರಿಕನ್ ಬಿಚ್ಚಿ ಬೊಲ್ಬೊಹಮಾಟಮ್ ಎಂಬ ಬೇರೆ ಕುಲ ಮಾಡಿದರು. ಬೊಲ್ಬೊಕ್ರೋಮಸ್ ಎಂಬ ಇನ್ನೊಂದು ಕುಲದಲ್ಲಿ ಅವರೂ ಲೀ ಎಂಬ ಇನ್ನೊಬ್ಬರೂ ಸೇರಿ 2013ರಲ್ಲಿ ಒಂದೇ ಸಲ ನಾಲ್ಕು ಹೊಸ ಪ್ರಭೇದ ವಿವರಿಸಿದ್ದರು. ಅವರಿಗೆ ನಾಲ್ಕು ಸಿಕ್ಕರೆ ನನಗೆ ಒಂದು ಸಿಗಬಾರದೇ?

ಧಾರವಾಡದಲ್ಲಿ ಕೀಟಶಾಸ್ತ್ರ ಓದಿದ ಗೆಳೆಯನೊಬ್ಬನಿಗೆ ಫೋಟೊ ಕಳಿಸಿದೆ. ಅವನು ಫೋನಿನಲ್ಲಿ ಅಂದದ್ದು ಎರಡೇ ಮಾತು. ‘ಒಂದ ಹುಳಾ ಹಿಡದು ಹೊಸಾದು ಅನಬ್ಯಾಡ. ಗಂಡಿದ್ರ ಹೊಟ್ಟಿ ಬಿಚ್ಚಿ ನೋಡು.’ ಗಂಡು ದುಂಬಿಯ ಜನನಾಂಗ ಗಟ್ಟಿಯಾದ ಸಣ್ಣ ಕೊಳವೆ, ಜಾತಿ ಜಾತಿಗೂ ಅದರ ಆಕಾರ ಬೇರೆ. ಕೊಂಬು, ಬಣ್ಣ, ಗಾತ್ರ ಮೋಸ ಮಾಡುತ್ತವೆ, ಅದು ಸಾಮಾನ್ಯವಾಗಿ ಮಾಡುವುದಿಲ್ಲ. ಇದೆಲ್ಲ ನಾನೂ ಓದಿದ್ದೆ. ಇರುವುದೊಂದೇ ಹುಳ, ಅದನ್ನು ಕೆಡಿಸಿದರೆ ಹೋಲೋಟೈಪ್, ಅಂದರೆ ಹೆಸರಿಗೆ ಆಧಾರವಾಗುವ ಮೂಲ ಮಾದರಿ, ಏನಿಡಲಿ ಎಂದು ವಾದ ಹೂಡಿದೆ. ಒಳಗಿನ ಅಂಜಿಕೆ ಬೇರೆಯೇ ಇತ್ತೆಂದು ಈಗ ಅನಿಸುತ್ತದೆ.

ಇನ್ನೆರಡು ಹುಳ ಹುಡುಕಿದ್ದೂ ಉಂಟು. ಬಬಲೇಶ್ವರ ತಾಲ್ಲೂಕಿನ ಮಮದಾಪುರದ ಕಡೆ ನನ್ನ ಹೆಂಡತಿಯ ತಮ್ಮನ ಹೊಲವಿದೆ. ಎರೆ ಮುಗಿದು ಗರಸು ಶುರುವಾಗುವ ಜಾಗ. ಗೋಲಗುಂಬಜ ಕಟ್ಟಿಸಿದ ಮಹಮ್ಮದ್ ಆದಿಲ್‌ಶಾಹನ ಕಾಲದ ಕೆರೆ ಅಲ್ಲಿಂದ ದೂರವಿಲ್ಲ. 2020ರ ಮಿರಗದ ಮಳೆಗೆ ಬದುವಿನ ಮೇಲೆ ಬೆರಳು ತೂರುವಷ್ಟು ತೂತು, ಪಕ್ಕದಲ್ಲಿ ಹಸಿ ಮಣ್ಣಿನ ಗುಪ್ಪೆ ಕಂಡವು. ಬಿಲದೊಳಗೆ ಕರಡದ ಕಡ್ಡಿ ಇಳಿಬಿಟ್ಟು, ಅದರ ಜಾಡು ಹಿಡಿದು ಬದಿಯಿಂದ ಅಗೆಯಬೇಕು. ಮೇಲಿಂದ ಅಗೆದರೆ ಮಣ್ಣು ಕುಸಿದು ದಾರಿ ತಪ್ಪುತ್ತದೆ. ಮೊಣಕೈವರೆಗೆ ತಗ್ಗು ತೋಡಿ, ಎರಡು ಹುಳ ಸಿಕ್ಕು, ಸ್ಪಿರಿಟ್ ಬಾಟಲಿಗೆ ಹಾಕುವ ಹೊತ್ತಿಗೆ ರಾತ್ರಿ ಎಂಟಾಗಿತ್ತು.

ಹಳೆಯ ಆದಿಲ್‌ಶಾಹಿ ಕಟ್ಟಡಗಳ ಸೀಮೆಯಲ್ಲಿ ರಾತ್ರಿ ಬ್ಯಾಟರಿ ಹಿಡಿದು ನೆಲ ಅಗೆಯುವವನನ್ನು ಜನ ಏನೆಂದುಕೊಳ್ಳುತ್ತಾರೆ ಎಂದು ನಾನು ಯೋಚಿಸಬೇಕಿತ್ತು. ‘ನಿಧಿ ಅಗ್ಯಾಕ ಬಂದಾರ್ರೀ!’ ಎಂದು ಹತ್ತು ಮಂದಿ ಸುತ್ತುಗಟ್ಟಿದರು. ನಿಂಬೆಹಣ್ಣು, ಕುಂಕುಮ ಎಲ್ಲಿದೆ ಎಂದು ಚೀಲ ತಡಕಾಡಿದರು. ಹೆಂಡತಿಯ ತಮ್ಮ ಊರಲ್ಲಿರಲಿಲ್ಲ. ಠಾಣೆಗೆ ಹೋದೆವು. ಅಲ್ಲಿದ್ದ ಸಾಹೇಬರು ಬಾಟಲಿ ಮೂಸಿ, ‘ಮಾಸ್ತರ್ರ, ಈ ವಯಸ್ಸಿನ್ಯಾಗ ಇದೇನ್ರಿ?’ ಎಂದು ಕೇಳಿ, ಉತ್ತರಕ್ಕೂ ಕಾಯದೆ ಹಿತ್ತಲ ಮೋರಿಗೆ ಸುರಿದರು. ಹುಳಗಳೂ ಹೋದವು. ನನಗೆ ಚಹಾ ಕೊಟ್ಟು ಮನೆಗೆ ಕಳಿಸಿದರೆನ್ನಿ, ಆದರೆ ಆ ಮೋರಿಯನ್ನು ನಾನು ಅವರಿಗೆ ಕ್ಷಮಿಸಿಲ್ಲ.

ಒಂದು ಮಾತು ಇಲ್ಲಿ ಒಪ್ಪಿಕೊಳ್ಳಬೇಕು. ಆ ಎರಡರಲ್ಲಿ ಒಂದಕ್ಕೆ ಕತ್ತಿನ ಹಿಂದಿನ ಫಲಕದ ಮೇಲೆ ಸಾಲಾಗಿ ಹಲ್ಲುಗಳಿದ್ದವು. ಬ್ಯಾಟರಿ ಬೆಳಕಿನಲ್ಲಿ ನೋಡಿದ್ದೆ. ನನ್ನ ಟಿಕೋಟಾದ ಹುಳಕ್ಕೆ ಅವಿಲ್ಲ. ಹಾಗಾಗಿ ‘ಇದು ಬೇರೆ, ಮಾಮೂಲಿ’ ಎಂದು ಮನಸ್ಸಿನಲ್ಲೇ ಬದಿಗಿಟ್ಟಿದ್ದೆ. ಸಾಹೇಬರು ಸುರಿಯದಿದ್ದರೂ ನಾನು ಅದನ್ನು ಸರಿಯಾಗಿ ನೋಡುತ್ತಿದ್ದೆನೋ ಇಲ್ಲವೋ.

ಫ್ಲೆಕ್ಸಿನ ಕತೆ ಚಿಕ್ಕದು. 2022ರಲ್ಲಿ ಒಂದು ಮದುವೆಯಲ್ಲಿ ಪಂಕ್ತಿಗೆ ಕೂತಾಗ ಬಾಯಿ ಜಾರಿ ‘ಟಿಕೋಟೆನ್ಸಿಸ್’ ಎಂದು ಹೆಸರಿಡುವವನಿದ್ದೇನೆ ಅಂದೆ. ಪಕ್ಕದಲ್ಲಿ ಪತ್ರಿಕೆಗೆ ಸುದ್ದಿ ಬರೆಯುವ ಹುಡುಗನಿದ್ದ. ಮೂರನೆಯ ದಿನ ಸುದ್ದಿ, ಐದನೆಯ ದಿನ ಫ್ಲೆಕ್ಸು. ‘ಟಿಕೋಟಾದ ಕೀರ್ತಿ ಜಗದಗಲ’ ಎಂದು ಬರೆದು ನನ್ನ ಫೋಟೊ, ಅದರ ಪಕ್ಕ ತಿಪ್ಪೆಯಲ್ಲಿ ಹುಟ್ಟುವ ದೊಡ್ಡ ಒಂಟಿಕೊಂಬಿನ ದುಂಬಿಯ ಫೋಟೊ. ಹುಡುಗರಿಗೆ ಗೂಗಲ್‌ನಲ್ಲಿ ಚೆನ್ನಾಗಿ ಕಂಡದ್ದು ಅದು. ಬಿಚ್ಚಿಸೋಣವೆಂದರೆ ಸಂಭಾವಿತರು ಖರ್ಚು ಮಾಡಿದ್ದಾರೆ.

ಆ ವರ್ಷದ ಡಿಸೆಂಬರಿನಲ್ಲಿ ಹುಳವನ್ನು ಟಿಫಿನ್ ಡಬ್ಬಿಯ ತಳಕ್ಕೆ ಥರ್ಮೋಕೋಲ್ ಅಂಟಿಸಿ, ಸೂಜಿ ಚುಚ್ಚಿ, ಗೋಲಗುಂಬಜ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯಿಡೀ ತೊಡೆಯ ಮೇಲಿಟ್ಟುಕೊಂಡು ಬೆಂಗಳೂರಿಗೆ ಒಯ್ದೆ. ‘ಊಟ ಮಾಡ್ರಿ, ಹಳಸತೈತಿ’ ಎಂದರು ಎದುರಿನ ಸೀಟಿನ ಅಜ್ಜಿ.

ಕೀಟ ಸಂಗ್ರಹವಿರುವ ಒಂದು ಸಂಸ್ಥೆ. ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸಿನ ಒಬ್ಬ ಸಂಶೋಧಕಿ. ಡಬ್ಬಿ ತೆರೆದು ನೋಡಿ, ‘ಚೆನ್ನಾಗಿ ಪಿನ್ ಮಾಡಿದ್ದೀರಿ ಸರ್’ ಅಂದಳು. ಮೈಕ್ರೋಸ್ಕೋಪಿನ ಕೆಳಗಿಟ್ಟಳು, ದೀಪದ ಕೊರಳನ್ನು ಓರೆಯಾಗಿ ಬಗ್ಗಿಸಿದಳು. ಸುಮ್ಮನಾದಳು. ಆ ಮೌನ ನನಗೆ ಸಂಭ್ರಮದ್ದೆಂದು ಅನಿಸಿತು. ಆಮೇಲೆ ಎದ್ದು ಹೋಗಿ ಕಬ್ಬಿಣದ ಕಪಾಟಿನಿಂದ ಗಾಜಿನ ಮುಚ್ಚಳದ ಒಂದು ಮರದ ಪೆಟ್ಟಿಗೆ ತಂದಳು. ಡಾಂಬರು ಗುಳಿಗೆಯ ವಾಸನೆ ಗಪ್ಪೆಂದು ಬಂತು. ಒಳಗೆ ಒಂದೇ ಸಾಲಿನಲ್ಲಿ ಹದಿನಾಲ್ಕು ಹುಳ. ನಾನು ಎಣಿಸಿದೆ, ಬೇರೇನು ಮಾಡಬೇಕೆಂದು ತೋಚದೆ ಎರಡು ಸಲ ಎಣಿಸಿದೆ. ಎಡತುದಿಯಲ್ಲಿದ್ದುದಕ್ಕೆ ನಾಲ್ಕು ಹಲ್ಲು, ಮುಳ್ಳಿನಂತೆ ಎದ್ದು ನಿಂತಿವೆ. ಅದರ ಬಲಕ್ಕೆ ಕೊಂಚ ಮೊಂಡು. ಮುಂದೆ ಇನ್ನೂ ಮೊಂಡು. ಹನ್ನೆರಡನೆಯದಕ್ಕೆ ಗುಬ್ಬಿ ಮಾತ್ರ. ಕೊನೆಯದಕ್ಕೆ ಬರೀ ನುಣುಪು. ‘ನೀವೇ ನೋಡಿ ಸರ್’ ಎಂದು ಕುರ್ಚಿ ಬಿಟ್ಟುಕೊಟ್ಟಳು. ಓರೆ ಬೆಳಕಿನಲ್ಲಿ ನನ್ನ ಹುಳದ ಫಲಕದ ಮೇಲೆ ಬೆವರುಸಾಲೆಯಷ್ಟು ಸಣ್ಣ ನಾಲ್ಕು ಉಬ್ಬು ಕಂಡವು. ಮೂರು ವರ್ಷ ಮನೆಯ ಭೂತಗನ್ನಡಿಯಲ್ಲಿ ನೋಡಿದ್ದೆ, ಮೇಲಿನಿಂದ ಬೀಳುವ ನೆಟ್ಟ ಬೆಳಕಿನಲ್ಲಿ. ಒಂದು ದಿನವೂ ಕಂಡಿರಲಿಲ್ಲ.

ಬೊಲ್ಬೊಸೆರಾಸ್ ಕ್ವಾಡ್ರಿಡೆನ್ಸ್. ನಾಲ್ಕು ಹಲ್ಲಿನದು. ಲಿನೇಯಸ್‌ನ ಶಿಷ್ಯ ಫ್ಯಾಬ್ರಿಸಿಯಸ್ 1781ರಲ್ಲೇ ಹೆಸರಿಟ್ಟು ಕೂತಿದ್ದ. ಮರಿಯಾಗಿದ್ದಾಗ ಮೇವು ಸಾಲದ ಗಂಡು ದೊಡ್ಡದಾದ ಮೇಲೂ ಸಣ್ಣದೇ, ಅದರ ಕೊಂಬು ಹಲ್ಲುಗಳೂ ಮೊಂಡು. ಇದು ಕೊಂಬಿನ ದುಂಬಿಗಳಲ್ಲೆಲ್ಲ ಇರುವುದೇ. ನಾನೇ ಪಾಠದಲ್ಲಿ ಹೇಳಿದ್ದೆ.

ನಾನು ಬಿಡಲಿಲ್ಲ. ‘ಆದರೂ ಡಿಸೆಕ್ಟ್ ಮಾಡೋಣ’ ಅಂದೆ. ಮೂರು ವರ್ಷ ಒಲ್ಲೆ ಅಂದ ಮಾತು ಅದು, ಆ ಹೊತ್ತಿಗೆ ನನ್ನ ಬಾಯಲ್ಲೇ ಬಂತು. ಬಿಸಿ ನೀರಿನಲ್ಲಿ ನೆನೆಸಿ, ಸಣ್ಣ ಚಿಮಟದಿಂದ ಹೊಟ್ಟೆಯ ಭಾಗ ಬಿಡಿಸಿ, ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ಬೆಚ್ಚಗೆ ಇಟ್ಟಳು. ಮಾಂಸ ಕರಗಿ ಎಳ್ಳಿನಷ್ಟು ಜೇನುಬಣ್ಣದ ಕೊಳವೆ ಉಳಿಯಿತು. ಪೆಟ್ಟಿಗೆಯ ಹುಳದ್ದನ್ನು ಪಕ್ಕದಲ್ಲಿಟ್ಟಳು. ಎರಡೂ ಒಂದೇ. ಹೊರಗೆ ಬಂದು ಬೇವಿನ ಗಿಡದ ಕಟ್ಟೆಯ ಮೇಲೆ ಬಹಳ ಹೊತ್ತು ಕೂತೆ. ಮನೆಗೆ ಫೋನ್ ಮಾಡಿದರೆ ಮನೆಯಾಕೆ ‘ಊಟಾ ಮಾಡೀರಿ?’ ಎಂದಷ್ಟೇ ಕೇಳಿದಳು.

ಚಹಾ ಕುಡಿಯುವಾಗ ಆ ಹುಡುಗಿಯೇ ಹೇಳಿದಳು, ವಿವರಣೆಯಿಲ್ಲದೆ, ಮಾದರಿಯಿಲ್ಲದೆ ಬರೀ ಹೆಸರು ಅಚ್ಚಾದರೆ ಅದಕ್ಕೆ ಲ್ಯಾಟಿನ್ನಿನಲ್ಲಿ ನೋಮೆನ್ ನೂಡಮ್ ಎನ್ನುತ್ತಾರೆ, ಬತ್ತಲೆ ಹೆಸರು. ಪತ್ರಿಕೆಯಲ್ಲಿ ಬಂದ ಟಿಕೋಟೆನ್ಸಿಸ್ ಅಂಥದ್ದು, ಯಾರಿಗೂ ತೊಂದರೆಯಿಲ್ಲ, ಚಿಂತೆ ಮಾಡಬೇಡಿ ಅಂದಳು. ಬತ್ತಲಾದದ್ದು ಹೆಸರೊಂದೇ ಅಲ್ಲವಲ್ಲ ತಂಗಿ ಎನ್ನಬೇಕೆನಿಸಿತು.

ನನ್ನ ಹಾಗೆ ಕೆಡಬಾರದು ಎನ್ನುವವರಿಗೆ ನಾಲ್ಕು ಮಾತು. ಒಂದು ಹುಳ ಇದ್ದರೆ ಹೆಸರಿನ ಯೋಚನೆ ಬೇಡ. ಅದೇ ದೀಪದ ಕೆಳಗೆ ಮುಂದಿನ ವರ್ಷವೂ ಕೂತುಕೊಳ್ಳಿ, ಸಣ್ಣದು ದೊಡ್ಡದು ಎಲ್ಲ ಹಿಡಿಯಿರಿ. ಹೊಟ್ಟೆ ಬಿಚ್ಚಿ, ಬಿಚ್ಚಿದ ಭಾಗವನ್ನು ಅದೇ ಸೂಜಿಗೆ ಸಣ್ಣ ಗ್ಲಿಸರಿನ್ ಕೊಳವೆಯಲ್ಲಿ ಸಿಕ್ಕಿಸಿದರೆ ಹೋಲೋಟೈಪಿಗೆ ಏನೂ ಕುಂದಿಲ್ಲ. ನಾಮಕರಣದ ಈಗಿನ ನಿಯಮ 2000ದಿಂದ ಜಾರಿಯಲ್ಲಿದೆ, ಅದರ ಪ್ರಕಾರ ಹೆಸರಿಗೆ ಆಧಾರವಾದ ಮಾದರಿ ಯಾವುದು, ಎಲ್ಲಿಡುತ್ತೀರಿ ಎಂದು ಹೇಳದೆ ಹೊಸ ಪ್ರಭೇದ ಆಗುವುದೇ ಇಲ್ಲ. ನಮ್ಮ 2002ರ ಜೀವವೈವಿಧ್ಯ ಕಾಯ್ದೆಯಂತೆ ಹೊಸದು ನಿಜಕ್ಕೂ ಸಿಕ್ಕರೆ ಸರ್ಕಾರ ಗೊತ್ತುಮಾಡಿದ ಭಂಡಾರಕ್ಕೆ ತಿಳಿಸಿ ಮಾದರಿ ಒಪ್ಪಿಸಬೇಕು. ಪರದೇಶದ ತಜ್ಞರಿಗೆ ಪೋಸ್ಟಿನಲ್ಲಿ ಹಾಕಿ ಕೂತರೆ ಆಗದು. ನೆಂಟರ ಹೊಲದಲ್ಲಿ ಅಗೆದರೂ ಹೊಲದವನನ್ನು ಜೊತೆಗಿಟ್ಟುಕೊಳ್ಳಿ. ಮದುವೆ ಊಟದಲ್ಲಿ ಬಾಯಿ ಊಟಕ್ಕಷ್ಟೇ ಇರಲಿ.

ಹುಳವನ್ನು ಅಲ್ಲಿಯೇ ಕೊಟ್ಟು ಬಂದೆ. ಹದಿನೈದನೆಯದಾಗಿ ಸಾಲಿನಲ್ಲಿ ನಿಂತಿದೆ, ಕೆಳಗೆ ಬೆರಳುಗುರಿನಷ್ಟು ಚೀಟಿಯಲ್ಲಿ ಟಿಕೋಟಾ ಎಂದಿದೆ. ಅಣ್ಣನಿಗೆ ಎಲ್ಲ ಹೇಳಿದೆ. ‘ನಾವು ದ್ರಾಕ್ಷಿಗೆ ಪೊಟ್ಯಾಶ್ ಹಚ್ಚತೀವಿ, ನೀ ಹುಳಕ್ಕ ಹಚ್ಚಿಸಿದಿ, ಎರಡೂ ಲಾಸ್ ಆತು’ ಅಂದ. ಅದು ಬೇರೆ ಪೊಟ್ಯಾಶ್ ಎಂದು ತಿದ್ದಲು ಹೋಗಲಿಲ್ಲ. ಫ್ಲೆಕ್ಸನ್ನು ಅವನೇ ಬಿಚ್ಚಿ ತಂದು ಕಣಿಕಿ ಬಣವಿಗೆ ಹೊದಿಸಿದ್ದಾನೆ, ಕೊಂಬಿನ ದುಂಬಿ ತಲೆಕೆಳಗಾಗಿ, ನಾನು ಒಳಗಡೆ.

ಈ ಸಲದ ಮೊದಲ ಮಳೆ ಬಿದ್ದ ರಾತ್ರಿ ಹತ್ತೂವರೆಗೆ ಅವನ ಫೋನ್ ಬಂತು. ಹಿಂದೆ ತಾಡಪತ್ರಿ ಪಟಪಟ ಬಡಿದುಕೊಳ್ಳುವ ಸದ್ದು. ‘ಲೈಟಿಗೆ ಐದು ಬಂದಾವ. ಹಾರ್ಲಿಕ್ಸ್ ಬಾಟ್ಲಿಗಿ ಹಾಕೀನಿ. ಎರಡಕ್ಕ ಹಲ್ಲ ಅದಾವ, ಮೂರಕ್ಕ ಇಲ್ಲ. ಮುಂಜಾನಿ ಮೊದಲ ಬಸ್ಸಿಗಿ ಬಾ, ಅವು ಒಂದಕ್ಕೊಂದು ಕಡೀತಾವೇನ ನೋಡು ಮೊದಲ.’