ಹಾಲು ಬಿಟ್ಟ ಹಂದಿಮರಿಗೆ ಅರಿಶಿನ ಕೊಡುವ ಮುನ್ನ ತೌಡು ಮೂಸಿ ನೋಡಿ

ತಾಯಿಯಿಂದ ಬೇರೆ ಮಾಡಿದ ಮೊದಲ ವಾರ ಹಂದಿಮರಿ ಫೀಡ್ ಮುಂದೆ ನಿಂತರೂ ಸರಿಯಾಗಿ ತಿನ್ನುವುದಿಲ್ಲ. ಕರುಳಿನ ಒಳಪದರ ಸೊರಗುತ್ತದೆ, ರಕ್ತದಲ್ಲಿ ವಿಟಮಿನ್ ಇ ಇಳಿಯುತ್ತದೆ, ಭೇದಿ ಹತ್ತುತ್ತದೆ. ಇಂಥ ಒತ್ತಡದಲ್ಲಿ ಜೀವಕೋಶಗಳನ್ನು ಹಾಳುಮಾಡುವ ಕಣಗಳು ದೇಹದಲ್ಲಿ ಹೆಚ್ಚುತ್ತವೆ. ಅವನ್ನು ತಡೆಯುವ ಪದಾರ್ಥಗಳೇ ಆಂಟಿಆಕ್ಸಿಡೆಂಟ್‌ಗಳು.

ಐರೋಪ್ಯ ಒಕ್ಕೂಟ 2006ರಲ್ಲಿ ಬೆಳವಣಿಗೆಗೆಂದು ಆ್ಯಂಟಿಬಯೋಟಿಕ್ ಬೆರೆಸುವುದನ್ನೂ, 2022ರಲ್ಲಿ ಭೇದಿ ತಡೆಗೆ ಹೆಚ್ಚು ಪ್ರಮಾಣದ ಜಿಂಕ್ ಆಕ್ಸೈಡ್ ಕೊಡುವುದನ್ನೂ ನಿಲ್ಲಿಸಿತು. ನಮ್ಮಲ್ಲೂ 2019ರಿಂದ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಎಂಬ ಆ್ಯಂಟಿಬಯೋಟಿಕ್ ನಿಷಿದ್ಧ. ಹಾಗಾಗಿ ಸೊಪ್ಪು, ಬೇರು, ಮಸಾಲೆಗಳ ಕಡೆ ಎಲ್ಲರ ಕಣ್ಣು ಬಿದ್ದಿದೆ.

ಆದರೆ ಕೆಟ್ಟ ಫೀಡಿಗೆ ಒಳ್ಳೆಯ ಸೊಪ್ಪು ಬೆರೆಸಿ ಪ್ರಯೋಜನವಿಲ್ಲ. ಅಕ್ಕಿ ತೌಡಿನಲ್ಲಿ ಎಣ್ಣೆಯಂಶ ಜಾಸ್ತಿ. ಗಿರಣಿಯಿಂದ ಹೊರಬಿದ್ದ ಗಳಿಗೆಯಿಂದಲೇ ತೌಡಿನಲ್ಲಿರುವ ಕಿಣ್ವ ಆ ಎಣ್ಣೆಯನ್ನು ಒಡೆಯತೊಡಗುತ್ತದೆ. ಸೆಕೆಗಾಲದಲ್ಲಂತೂ ಕೆಲವೇ ದಿನಗಳಲ್ಲಿ ಕಮಟು. ಕಮಟು ಎಣ್ಣೆ ಫೀಡಿನ ವಿಟಮಿನ್ ಇಯನ್ನು ನಾಶಮಾಡಿ, ಮರಿಯ ಕರುಳಿಗೂ ಹೊರೆಯಾಗುತ್ತದೆ. ಒಂದು ಹಿಡಿ ತೌಡನ್ನು ಅಂಗೈಯಲ್ಲಿ ಉಜ್ಜಿ ಮೂಸಿ. ಹಳೇ ಎಣ್ಣೆಯ ಘಾಟು ಬಂದರೆ, ನಾಲಿಗೆಗೆ ಕಹಿ ತಾಗಿದರೆ, ಆ ಮೂಟೆ ಮರಿಗಳಿಗೆ ಬೇಡ. ವಾರಕ್ಕೆ ಆಗುವಷ್ಟೇ ತನ್ನಿ, ಇಲ್ಲವೇ ಎಣ್ಣೆ ತೆಗೆದ ತೌಡು ಬಳಸಿ. ಹೋಟೆಲಿನ ಕರಿದ ಎಣ್ಣೆಗೂ ಹಳೇ ಒಣಮೀನಿಗೂ ಇದೇ ಮಾತು.

ಎರಡನೆಯದು ವಿಟಮಿನ್ ಇ ಮತ್ತು ಸೆಲೆನಿಯಂ. 5ರಿಂದ 10 ಕೆ.ಜಿ. ತೂಕದ ಮರಿಗೆ ಕಿಲೋ ಫೀಡಿನಲ್ಲಿ ಕನಿಷ್ಠ 16 ಐಯು ವಿಟಮಿನ್ ಇ, 0.3 ಮಿ.ಗ್ರಾಂ ಸೆಲೆನಿಯಂ ಇರಬೇಕು. ಇವು ತೀರಾ ಕಡಿಮೆಯಾದರೆ ಕೊಬ್ಬಿದ ಮರಿಯೇ ಹೃದಯ ಕೆಟ್ಟು ಇದ್ದಕ್ಕಿದ್ದಂತೆ ಸಾಯಬಹುದು. ಹುಟ್ಟಿದ ಮೂರನೇ ದಿನ ಕೊಡುವ ಕಬ್ಬಿಣದ ಇಂಜೆಕ್ಷನ್ನೂ ಅಂಥ ಮರಿಗೆ ವಿಷವಾದೀತು. ಯಾವ ಸೊಪ್ಪೂ ಈ ಕೊರತೆಯನ್ನು ತುಂಬಲಾರದು. ಖನಿಜ ಮಿಶ್ರಣದ ಕಬ್ಬಿಣ, ತಾಮ್ರಗಳು ವಿಟಮಿನ್ ಇಯನ್ನು ಕೆಡಿಸುವುದರಿಂದ ಫೀಡನ್ನು ತಿಂಗಳುಗಟ್ಟಲೆಗೆ ಬೆರೆಸಿಡಬೇಡಿ.

ಇಷ್ಟಾದ ಮೇಲೆ ಅರಿಶಿನ. ಹಾಲು ಬಿಟ್ಟ ಮರಿಗಳ ಮೇಲಿನ ಪ್ರಯೋಗಗಳಲ್ಲಿ ಕಿಲೋ ಫೀಡಿಗೆ 200ರಿಂದ 400 ಮಿ.ಗ್ರಾಂ ಕರ್ಕ್ಯುಮಿನ್ ಕೊಟ್ಟು, ಕರುಳು ಸುಧಾರಿಸಿದ್ದನ್ನು ಕಂಡಿದ್ದಾರೆ. ಅರಿಶಿನದಲ್ಲಿ ಕರ್ಕ್ಯುಮಿನ್ ಸುಮಾರು ಶೇ. 3 ಎಂದು ಹಿಡಿದರೆ, 100 ಕೆ.ಜಿ. ಫೀಡಿಗೆ 1 ಕೆ.ಜಿ. ಪುಡಿ ಸಾಕು. ಮರಿಯೊಂದಕ್ಕೆ ದಿನಕ್ಕೆ ಅರ್ಧ ಕಿಲೋ ಎಂದರೆ ಹತ್ತು ಮರಿಗೆ ಇದು 20 ದಿನ ಬಂತು. ಅಂಗಡಿಯ ಪುಡಿಗೆ ಬಣ್ಣಕ್ಕಾಗಿ ಸೀಸದ ಕ್ರೋಮೇಟ್ ಬೆರೆಸುವುದುಂಟು. ಕೊಂಬು ತಂದು ಪುಡಿ ಮಾಡಿಸುವುದೇ ಲೇಸು.

ಓಮದಲ್ಲಿ ಥೈಮಾಲ್, ದೊಡ್ಡಪತ್ರೆಯಲ್ಲಿ ಕಾರ್ವಕ್ರಾಲ್ ಎಂಬ ಆಂಟಿಆಕ್ಸಿಡೆಂಟ್‌ಗಳಿವೆ. ವಿದೇಶಗಳಲ್ಲಿ ಮಾರುವ ಓರೆಗಾನೊ ಎಣ್ಣೆಯ ಗುಣವೂ ಹೆಚ್ಚಾಗಿ ಇವುಗಳದ್ದೇ. ಘಾಟು ಹೆಚ್ಚಾದರೆ ಮರಿ ಮೂತಿ ತಿರುಗಿಸುತ್ತದೆ, ಚೂರೇ ಹಾಕಿ. ನುಗ್ಗೆ ಸೊಪ್ಪನ್ನು ನೆರಳಲ್ಲಿ ಒಣಗಿಸಿ ಪುಡಿ ಮಾಡಿ. ಬಿಸಿಲಿಗೆ ಹಾಕಿದರೆ ಅದರ ಸತ್ವ ಹೋಗುತ್ತದೆ.

ಕೊಡಗಿನ ತೋಟಗಳಲ್ಲಿ ರಾಶಿ ಬೀಳುವ ಕಾಫಿ ಹಣ್ಣಿನ ಸಿಪ್ಪೆಯಲ್ಲೂ ಆಂಟಿಆಕ್ಸಿಡೆಂಟ್ ಬೇಕಾದಷ್ಟಿದೆ. ಜೊತೆಗೆ ಕೆಫೀನ್, ಟ್ಯಾನಿನ್‌ಗಳೂ ಇವೆ. ಅದು ಗೊಬ್ಬರದ ಗುಂಡಿಗೇ ಹೋಗಲಿ, ಎಳೆಮರಿಗೆ ಬೇಡ.