ಅಕ್ಷತೆ ಬಿದ್ದ ಗಳಿಗೆ

ಶಿವಮೊಗ್ಗದ ಗಾಂಧಿಬಜಾರಿನ ಮಹಡಿಯೊಂದರ ಮೇಲೆ ಮದುವೆ ಮುಂಜಿಗಳ ವಿಡಿಯೋಗಳನ್ನು ಎಡಿಟ್ ಮಾಡಿಕೊಡುವ ವೃತ್ತಿಯನ್ನು ನಾನು ನಡೆಸುತ್ತಿದ್ದ ಕಾಲದಲ್ಲಿ, ಒಂದು ದೃಶ್ಯವನ್ನು ಇನ್ನೊಂದರೊಳಗೆ ಕರಗಿಸಬೇಕಾದರೂ ಕಂಪ್ಯೂಟರು ಲೆಕ್ಕಹಾಕಿ ಮುಗಿಸುವವರೆಗೆ ಕೈಕಟ್ಟಿ ಕುಳಿತಿರಬೇಕಾಗುತ್ತಿತ್ತು. ರೆಂಡರ್‌ಗೆ ಹಾಕಿ ಊಟಕ್ಕೆ ಹೋಗಿ ಬರುವಷ್ಟರಲ್ಲಿ ಕರೆಂಟು ಹೋಗಿ, ಯುಪಿಎಸ್ಸೂ ಸೋತು, ಸಮಸ್ತವೂ ಮೊದಲಿನಿಂದ ಆರಂಭವಾದ ಮಧ್ಯಾಹ್ನಗಳಿಗೆ ಲೆಕ್ಕವಿಲ್ಲ. ಆದಕಾರಣ 2003ರಲ್ಲಿ ಸಾಲ ಮಾಡಿ, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ರಿಯಲ್‌ಟೈಮ್ ಕ್ಯಾಪ್ಚರ್ ಕಾರ್ಡೊಂದನ್ನು ಬಟ್ಟೆಯಲ್ಲಿ ಸುತ್ತಿ, ರಾತ್ರಿಯ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡೇ ತಂದಾಗ, ನನ್ನ ಕಷ್ಟಕ್ಕೆಲ್ಲ ಮಂಗಳ ಹಾಡಿದೆನೆಂದು ಭಾವಿಸಿದ್ದೆ.

ಕೆಲವು ತಿಂಗಳು ಹಾಗೆಯೇ ಇತ್ತು. ಪುಟ ಮಗುಚುವುದು, ಹೃದಯಾಕಾರದ ಕಿಂಡಿ ತೆರೆಯುವುದು ಮೊದಲಾದ ಚಮತ್ಕಾರಗಳೆಲ್ಲ ಕೇಳಿದೊಡನೆ ಪರದೆಯ ಮೇಲೆ ಮೂಡುತ್ತಿದ್ದವು. ಅನಾಯಾಸವಾಗಿ ದೊರೆತದ್ದನ್ನು ಮಿತಿಮೀರಿ ಬಳಸುವ ದೌರ್ಬಲ್ಯಕ್ಕೆ ನಾನೂ ಹೊರತಾಗಿರಲಿಲ್ಲವೆಂಬುದಕ್ಕೆ ಆ ವರ್ಷದ ವಧೂವರರು ಇಂದಿಗೂ ಸಾಕ್ಷಿ ನುಡಿದಾರು.

ನನ್ನನ್ನು ಕೆಡಿಸಿದ್ದು ಆ ಕಾರ್ಡಿನ ಇನ್ನೊಂದು ಸಾಮರ್ಥ್ಯ. ಕ್ಯಾಸೆಟ್ಟಿನಲ್ಲಿರುವ ಡಿವಿ ಚಿತ್ರವನ್ನು ಇದ್ದಂತೆಯೇ ಕಂಪ್ಯೂಟರಿಗೆ ಇಳಿಸಿಕೊಂಡರೆ ಒಂದು ಗಂಟೆಗೆ ಸುಮಾರು 13 ಗಿಗಾಬೈಟ್ ಜಾಗ ಬೇಕು. ನನ್ನ ಹಾರ್ಡ್‌ಡಿಸ್ಕ್ ಇದ್ದದ್ದು ಬರಿಯ 40. ಮೂರು ಕ್ಯಾಸೆಟ್ಟಿನ ಒಂದು ಮದುವೆ ಬಂದರೆ ಇನ್ನೊಂದಕ್ಕೆ ಸ್ಥಳವಿಲ್ಲ. ಆದರೆ ಈ ಕಾರ್ಡು, ಚಿತ್ರ ಓಡುತ್ತಿರುವಾಗಲೇ ಅದನ್ನು ಎಂಪೆಗ್-2 ಕ್ರಮದಲ್ಲಿ ಕುಗ್ಗಿಸಿ, ಗಂಟೆಯೊಂದನ್ನು ಎರಡು ಗಿಗಾಬೈಟಿಗೂ ಕಡಿಮೆ ಮಾಡಿ ಕೊಡುತ್ತಿತ್ತು. ಇಳಿಸಿದ ಕ್ಯಾಸೆಟ್ಟನ್ನು ಮರುದಿನವೇ ಮತ್ತೊಂದು ಸಮಾರಂಭಕ್ಕೆ ಉಪಯೋಗಿಸುತ್ತಿದ್ದೆ. ಅದನ್ನು ಮಿತವ್ಯಯವೆಂದು ತಿಳಿದಿದ್ದೆ.

ತೀರ್ಥಹಳ್ಳಿಯ ಕಡೆಯ ಒಂದು ಮದುವೆ. ಡಿವಿಡಿ ಕೊಟ್ಟು ಎರಡು ವಾರವಾಗಿರಬಹುದು, ವಧುವಿನ ಅಜ್ಜಿ ಮೊಮ್ಮಗನ ಕೈಹಿಡಿದು ನನ್ನ ಮಹಡಿಯ ಮೆಟ್ಟಿಲುಗಳನ್ನು ಹತ್ತಿ ಬಂದವರು, ಏದುಸಿರು ಇಳಿಯುವುದಕ್ಕೂ ಮುನ್ನ, “ಇದೆಂತ ಮಾರಾಯ, ನಮ್ಮ ಕೂಸಿನ ಮುಖದ ಮೇಲೆ ಚೌಕಾಬಾರದ ಮನೆ ಬರೆದಿದ್ದೀಯಲ್ಲ!” ಎಂದರು.

ಹಾಕಿ ನೋಡಿದೆ. ಅಂತರ್ಪಟ ಸರಿಯುತ್ತದೆ, ವಧೂವರರು ಜೀರಿಗೆ ಬೆಲ್ಲ ಇಡುತ್ತಾರೆ, ಗಟ್ಟಿಮೇಳ ಮೊಳಗುತ್ತದೆ, ನೂರು ಕೈಗಳಿಂದ ಅಕ್ಷತೆ ಸುರಿಯುತ್ತದೆ, ಫೋಟೋದವರ ಫ್ಲಾಷ್‌ಗಳು ಮೇಲಿಂದ ಮೇಲೆ ಮಿಂಚುತ್ತವೆ. ಅದೇ ಕ್ಷಣಕ್ಕೆ ಹುಡುಗಿಯ ಹಣೆ, ಕಣ್ಣು, ನಾಚಿಕೆಯ ನಗೆ ಎಲ್ಲವೂ ಚೌಕಚೌಕವಾಗಿ ಒಡೆದುಹೋಗುತ್ತವೆ.

ಕಾರಣವನ್ನು ಅರಿಯಲು ನನಗೆ ಹಲವು ದಿನಗಳು ಹಿಡಿದವು. ಎಂಪೆಗ್-2 ಪ್ರತಿಯೊಂದು ಚಿತ್ರವನ್ನೂ ಇಡಿಯಾಗಿ ಬರೆದಿಡುವುದಿಲ್ಲ. ಸಾಮಾನ್ಯವಾಗಿ 12 ಚಿತ್ರಗಳಿಗೆ, ಎಂದರೆ ನಮ್ಮ ಪಾಲ್ ಪದ್ಧತಿಯಲ್ಲಿ ಸುಮಾರು ಅರ್ಧ ಸೆಕೆಂಡಿಗೆ, ಒಂದನ್ನು ಪೂರ್ಣವಾಗಿ ಬರೆದು, ಉಳಿದವುಗಳಲ್ಲಿ 16 ಬಿಂದುಗಳ ಉದ್ದಗಲದ ಯಾವ ಚೌಕವು ಎತ್ತ ಸರಿಯಿತು, ಎಷ್ಟು ಬದಲಾಯಿತು ಎಂಬುದನ್ನಷ್ಟೇ ಗುರುತು ಹಾಕಿಕೊಳ್ಳುತ್ತದೆ. ಪುರೋಹಿತರು ಕುಳಿತು ಮಂತ್ರ ಹೇಳುತ್ತಿರುವವರೆಗೆ ಈ ಉಪಾಯ ನಿರಾತಂಕವಾಗಿ ಸಾಗುತ್ತದೆ. ಅಕ್ಷತೆಯ ಕಾಳು ಕಾಳೂ ಹೊಸತು, ಫ್ಲಾಷ್ ಬಿದ್ದ ಚಿತ್ರಕ್ಕೂ ಹಿಂದಿನದಕ್ಕೂ ಸಂಬಂಧವೇ ಇಲ್ಲ. ಹೀಗಿರುವಾಗ ಸೆಕೆಂಡಿಗೆ ಇಷ್ಟೇ ಎಂದು ಅಳೆದುಕೊಟ್ಟ 4 ಮೆಗಾಬಿಟ್‌ಗಳಲ್ಲಿ ಆ ಯಂತ್ರ ಏನನ್ನು ತಾನೆ ಉಳಿಸೀತು? ಎಲೆ ಎಷ್ಟೆಂದು ತಿಳಿಯದೆ ಪಂಕ್ತಿಯ ಮೊದಲಿನಿಂದಲೂ ಸಮನಾಗಿ ಬಡಿಸುತ್ತ ಹೊರಟವನು, ಕೊನೆಯಲ್ಲಿ ಬೀಗರು ಕುಳಿತದ್ದನ್ನು ಕಂಡು ಸೌಟು ಹಿಡಿದು ನಿಂತಂತೆ, ಓಡುತ್ತಲೇ ಕುಗ್ಗಿಸುವ ಕಾರ್ಡಿಗೆ ಮುಂದೆ ಬರುವುದೇನೆಂಬ ಅರಿವೇ ಇರುವುದಿಲ್ಲ.

ನಿಧಾನದ ದಾರಿಯೊಂದಿತ್ತು. ಡಿವಿಯಲ್ಲಿ ಪ್ರತಿಯೊಂದು ಚಿತ್ರವೂ ಪಕ್ಕದ ಚಿತ್ರದ ಹಂಗಿಲ್ಲದೆ ತನ್ನಷ್ಟಕ್ಕೆ ತಾನೇ ಸುಮಾರು ಐದರಲ್ಲೊಂದು ಪಾಲಿಗೆ ಕುಗ್ಗಿರುವುದರಿಂದ, ಎಡಿಟಿಂಗನ್ನೆಲ್ಲ ಅದರಲ್ಲಿಯೇ ಮುಗಿಸಿ, ಕಟ್ಟಕಡೆಗೆ ಮಾತ್ರ ಎಂಪೆಗ್-2ಕ್ಕೆ ಇಳಿಸುವುದು. ಅದನ್ನೂ ಎರಡು ಸುತ್ತಿನಲ್ಲಿ. ಮೊದಲ ಸುತ್ತಿನಲ್ಲಿ ಸಾಫ್ಟ್‌ವೇರು ಆದ್ಯಂತವಾಗಿ ನೋಡಿ, ಎಲ್ಲಿ ಚಲನೆ ಹೆಚ್ಚೆಂದು ಟಿಪ್ಪಣಿ ಮಾಡಿಕೊಳ್ಳುತ್ತದೆ. ಎರಡನೆಯದರಲ್ಲಿ, ಅರ್ಧ ಗಂಟೆಯ ಮಂತ್ರದಿಂದ ಉಳಿಸಿದ್ದನ್ನು ಅರ್ಧ ನಿಮಿಷದ ಗಟ್ಟಿಮೇಳಕ್ಕೆ ಧಾರಾಳವಾಗಿ ವ್ಯಯಿಸುತ್ತದೆ. ಒಂದಿಡೀ ರಾತ್ರಿ ಬೇಕು, ಅಷ್ಟೆ. ಯಾವ ರೆಂಡರಿನಿಂದ ತಪ್ಪಿಸಿಕೊಳ್ಳಲು ಸಾಲ ಮಾಡಿದ್ದೆನೋ ಅದರ ಬಳಿಗೇ ಮರಳಿ ಬಂದು, 80 ಗಿಗಾಬೈಟಿನ ಇನ್ನೊಂದು ಡಿಸ್ಕಿಗೂ ಸಾಲ ಮಾಡಿದೆ.

ಆದರೆ ಆ ಕ್ಯಾಸೆಟ್ಟು? ಹುಡುಕಿ ತೆಗೆದು ಓಡಿಸಿದಾಗ, ಮೊದಲ 40 ನಿಮಿಷ ಯಾರದೋ ಗೃಹಪ್ರವೇಶ: ಹೊಸ ಬಾಗಿಲು, ಹಸು, ಹಾಲುಕ್ಕುವ ಪಾತ್ರೆ. ಅದು ಮುಗಿದೊಡನೆ ಒಂದು ಗಳಿಗೆ ನೀಲಿ ಪರದೆ, ಬಳಿಕ ಥಟ್ಟನೆ ತೀರ್ಥಹಳ್ಳಿಯ ಊಟದ ಪಂಕ್ತಿ. ಧಾರೆ ಅಳಿದುಹೋಗಿತ್ತು.

ಉಳಿದಷ್ಟನ್ನು ರಾತ್ರಿಯೆಲ್ಲ ಎರಡು ಸುತ್ತು ಕುಗ್ಗಿಸಿ, ನಡೆದದ್ದನ್ನು ಮುಚ್ಚಿಡದೆ ಹೇಳಿ, ಹಣ ಹಿಂದಿರುಗಿಸಿದೆ. ಅಜ್ಜಿ ಹಣವನ್ನು ಎಣಿಸದೆ ಸೆರಗಿಗೆ ಕಟ್ಟಿಕೊಂಡರು. ನನ್ನ ಟಿವಿಯ ತೀರ ಹತ್ತಿರ ಮುಖವಿಟ್ಟು ಪಂಕ್ತಿಯನ್ನು ಬಹಳ ಹೊತ್ತು ನೋಡಿ, ಎಲೆಯ ತುದಿಯನ್ನು ಬೆರಳಿನಿಂದ ಮುಟ್ಟಿ, “ಇಲ್ಲಿ ಉಪ್ಪೂ ಕಾಣ್ತದೆ” ಎಂದರು.